ಮಳೆಗಾಲದಲ್ಲಿ ಗಾಳ ಹಾಕುವುದನ್ನೂ ನಿಲ್ಲಿಸಬೇಕಾ? ತುಂಗಾ, ಶರಾವತಿ ಕಡೆಯವರು ಹೇಳಿ

ಗಾಜನೂರು ಗಾಳ:
ನಮ್ಮ ಗಾಳದವರ ಗುಂಪಿನಲ್ಲಿ ಈಗ ಇದೇ ಜಗಳ. ಕೆಲವರು ಒಂದು ಕಟ್ಟುಪಾಡು ಬರೆದಿದ್ದಾರೆ. ಜೂನ್, ಜುಲೈನಲ್ಲಿ ಹೊಳೆಗೆ ಗಾಳ ಹಾಕುವಂತಿಲ್ಲ, ಉಳಿದ ತಿಂಗಳಲ್ಲಿ ಒಬ್ಬರು ದಿನಕ್ಕೆ ಎರಡೇ ಮೀನು ಮನೆಗೆ ಒಯ್ಯಬೇಕು, ಮಹಸೀರ್ ಎಂಬ ದೊಡ್ಡ ಹೊಳೆಮೀನು ಸಿಕ್ಕರೆ ಬಿಡಲೇಬೇಕು. ಇದನ್ನೇ ಪಂಚಾಯ್ತಿಗೂ ಕೊಡೋಣ ಎನ್ನುತ್ತಾರೆ. ಮಹಸೀರ್ ಬಿಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ತೋಟೆ (ಸಿಡಿಮದ್ದು) ಹಾಕುವವರು, ಬ್ಲೀಚಿಂಗ್ ಪೌಡರ್ ಸುರಿಯುವವರು ಒಂದೇ ರಾತ್ರಿಯಲ್ಲಿ ಇಡೀ ಗುಂಡಿ ಖಾಲಿ ಮಾಡುತ್ತಾರೆ, ಮರಿಯನ್ನೂ ಬಿಡುವುದಿಲ್ಲ, ಅವರನ್ನು ಕೇಳುವವರಿಲ್ಲ. ಭಾನುವಾರ ಎರೆಹುಳು ತಗೊಂಡು ಹೊಳೆದಂಡೆಯಲ್ಲಿ ಕೂರುವ ನಮಗೇ ಮೊದಲು ಯಾಕೆ? ಒಪ್ಪಬೇಕಾ, ಬೇಡವಾ? ಕಾರಣ ಕೊಟ್ಟು ಹೇಳಿ.

ತೀರ್ಥಹಳ್ಳಿ ಹುಡುಗಿ:
ಅಣ್ಣಾ, ತೋಟೆ ಹಾಕುವವರ ಮೇಲೆ ನನಗೂ ಅಷ್ಟೇ ಸಿಟ್ಟಿದೆ. ಆದರೆ ಮಳೆಗಾಲದ ಮಾತು ಬೇರೆ. ಹೊಳೆ ಏರುತ್ತಿದ್ದಂತೆ ಮಹಸೀರ್ ಮೇಲಕ್ಕೆ ಹೋಗುತ್ತದೆ, ಜಲ್ಲಿಕಲ್ಲು ಇರುವ, ನೀರು ಓಡುವ ಜಾಗದಲ್ಲಿ ಮೊಟ್ಟೆ ಇಡುತ್ತದೆ. ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ, ಶೃಂಗೇರಿಯ ಮಠದ ಹತ್ತಿರ ಯಾರೂ ಮುಟ್ಟದ ಮೀನು ಅಲ್ಲೇ ಕೂತಿರುತ್ತದೆ ಎಂದುಕೊಂಡಿದ್ದೀರಾ? ಅಲ್ಲೇನು ಬೇಲಿ ಇಲ್ಲ. ಅಲ್ಲಿಂದ ಸ್ವಲ್ಪ ದೂರ ಬಂದರೆ ನಮ್ಮ ಗಾಳವೇ ಕಾಯುತ್ತಿರುತ್ತದೆ.

ಕೊರವ ಮೀನಿನ ಕಥೆ ಇನ್ನೂ ಬೇಜಾರು. ಕೆರೆಯಲ್ಲಿ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಗುಳುಗುಳು ಮಾಡುತ್ತಿರುತ್ತದಲ್ಲ, ಅದರ ಅಡಿಯಲ್ಲಿ ದೊಡ್ಡ ಮೀನು ಕಾವಲು ಇರುತ್ತದೆ. ಹತ್ತಿರ ಏನು ಬಿದ್ದರೂ ನುಗ್ಗಿ ಕಚ್ಚುತ್ತದೆ, ಹಸಿವಿಗಲ್ಲ, ಮರಿ ಕಾಯುವುದಕ್ಕೆ. ಬೇಕಂತಲೇ ಅಲ್ಲಿಗೇ ಕಪ್ಪೆ ಸಿಕ್ಕಿಸಿದ ಗಾಳ ಎಸೆಯುವವರು ನಮ್ಮಲ್ಲೇ ಇದ್ದಾರೆ. ದೊಡ್ಡದನ್ನು ಎಳೆದರೆ ಆ ಮರಿಗಳನ್ನು ಬೇರೆ ಮೀನು ತಿಂದು ಮುಗಿಸುತ್ತವೆ. ಇಲ್ಲಿ ತೋಟೆಯವನ ಕೈವಾಡ ಏನೂ ಇಲ್ಲ, ಗಾಳದವರದ್ದೇ. ನಿಮ್ಮ ಕಟ್ಟುಪಾಡಿನಲ್ಲಿ ಇದನ್ನೇ ಯಾರೂ ಬರೆದಿಲ್ಲ, ಮೊದಲು ಸೇರಿಸಿ.

ಹೊಸನಗರ ಟು ಕ್ಯಾಲಿಫೋರ್ನಿಯಾ:
ಇಲ್ಲೂ ಹವ್ಯಾಸಕ್ಕೆ ಮೀನು ಹಿಡಿಯುವವರು ಇದೇ ಪ್ರಶ್ನೆ ಕೇಳುತ್ತಾರೆ, ದೊಡ್ಡ ಟ್ರಾಲರ್ ಬಿಟ್ಟು ನಮ್ಮನ್ನೇ ಯಾಕೆ ಹಿಡಿಯುತ್ತೀರಿ ಅಂತ. ಕಡಲ ತಳದಲ್ಲಿರುವ ರಾಕ್‌ಫಿಶ್ ಎಂಬ ಮೀನುಗಳು ಎಷ್ಟು ಕಡಿಮೆಯಾದವು ಅಂದರೆ 2000ದಲ್ಲಿ ಸರ್ಕಾರ ಈ ಕಸುಬನ್ನೇ ವಿಪತ್ತು ಎಂದು ಘೋಷಿಸಿತು. ಆಮೇಲೆ ಎಷ್ಟೋ ಕಡೆ ಆಳದಲ್ಲಿ ಹಿಡಿಯುವುದು ಬಂದ್, ಒಬ್ಬರಿಗೆ ಇಷ್ಟೇ ಮೀನು ಅಂತ ಮಿತಿ, ಯೆಲ್ಲೋಐ ಎಂಬ ಜಾತಿ ಮನೆಗೆ ಒಯ್ಯುವಂತೆಯೇ ಇಲ್ಲ. ಅದು 100 ವರ್ಷಕ್ಕಿಂತ ಜಾಸ್ತಿ ಬದುಕುತ್ತದೆ, ತುಂಬ ತಡವಾಗಿ ಮರಿ ಹಾಕಲು ಶುರು ಮಾಡುತ್ತದೆ, ಹಾಗಾಗಿ ಒಮ್ಮೆ ಕಡಿಮೆಯಾದರೆ ಮತ್ತೆ ತುಂಬಲು ದಶಕಗಳೇ ಬೇಕು. ಬೊಕಾಚಿಯೋ ಎಂಬ ಇನ್ನೊಂದು ಜಾತಿ 2017ರಲ್ಲಿ ಚೇತರಿಸಿಕೊಂಡಿತು ಎಂದರು. ಅಂದರೆ ಬಿಗಿ ಮಾಡಿದ್ದು ಸುಮ್ನೆ ಹೋಗಲಿಲ್ಲ.

'ಹಿಡಿದು ಬಿಟ್ಟೆ' ಅಂದರೂ ಸಾಲದು. ಆಳದಿಂದ ಮೇಲೆ ಎಳೆದರೆ ಒತ್ತಡ ಇಳಿದು ರಾಕ್‌ಫಿಶ್‌ನ ಗಾಳಿಚೀಲ ಉಬ್ಬುತ್ತದೆ, ಕಣ್ಣು ಹೊರಗೆ ಬರುತ್ತದೆ, ಬಿಟ್ಟರೂ ಮುಳುಗಲಾಗದೆ ತೇಲುತ್ತದೆ. ಅದಕ್ಕೇ ತೂಕ ಕಟ್ಟಿ ಮತ್ತೆ ಆಳಕ್ಕೆ ಇಳಿಸುವ ಸಾಧನ ಬಳಸುತ್ತಾರೆ. ನಮ್ಮ ಹೊಳೆಯಲ್ಲಿ ಆ ಆಳ ಇಲ್ಲ. ಆದರೆ ಒಣಗಿದ ಕೈಯಲ್ಲಿ ಹಿಡಿದು, ಬಂಡೆಯ ಮೇಲೆ ಮಲಗಿಸಿ, ಹತ್ತು ಫೋಟೋ ತೆಗೆದು ಬಿಟ್ಟರೆ ಮಹಸೀರ್ ಕೂಡ ಉಳಿಯುತ್ತದೆ ಅಂತ ಹೇಳಲಾಗದು.

ಇನ್ನೊಂದು ಮಾತು. ಇಲ್ಲಿ ನಿಯಮ ಬರುವ ಮುಂಚೆ ಸಭೆಯಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದು. ಯಾವ ಜಾಗದಲ್ಲಿ, ಯಾವ ತಿಂಗಳು, ಏನು ಸಿಕ್ಕಿತು ಅಂತ ಬರೆದಿಟ್ಟವನ ಮಾತಿಗೆ ತೂಕ. ಬರೀ ಕೂಗಾಡಿದವನದ್ದು ಅಲ್ಲೇ ಗಾಳಿಗೆ ಹೋಗುತ್ತದೆ.

ಲಿಂಗನಮಕ್ಕಿ ಹಿನ್ನೀರು:
ನಾನು ಅರ್ಧ ಒಪ್ಪುತ್ತೇನೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಯವರು ಹೊಟ್ಟೆಪಾಡನ್ನೇ ನಿಲ್ಲಿಸಿ ಕೂರುತ್ತಾರೆ. ಖುಷಿಗೆ ಹಿಡಿಯುವ ನಾವು ಎರಡು ತಿಂಗಳು ಬಿಡಲಾಗದು ಅನ್ನುವುದು ಸರಿಯಲ್ಲ ಮಾರಾಯ್ರೇ. ಆದರೆ ಎರಡೇ ಮೀನು ಅನ್ನುವ ಲೆಕ್ಕ ಎಲ್ಲದಕ್ಕೂ ಹಾಕಬೇಡಿ. ಜಿಲೇಬಿ ಮೀನು (ತಿಲಾಪಿಯಾ), ಆಫ್ರಿಕನ್ ಕ್ಯಾಟ್‌ಫಿಶ್ ಹೊರಗಿನಿಂದ ಬಂದವು, ನಮ್ಮ ಮೀನಿನ ಜಾಗ ನುಂಗುತ್ತಿವೆ. ಅವು ಎಷ್ಟು ಸಿಕ್ಕರೂ ಒಯ್ಯಲಿ, ವಾಪಸ್ ನೀರಿಗೆ ಬಿಡಲೇಬಾರದು.

ಹತ್ತುಮೀನಿನ ವಿಷಯವನ್ನೂ ಜಾಗ್ರತೆಯಾಗಿ ಬರೆಯಿರಿ. ಮೊದಲ ಮಳೆಗೆ ಗದ್ದೆಗೆ ಹತ್ತುವ ಮೀನು ಹಿಡಿಯುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದಿಂದ ಬಂದದ್ದು. ಅದು ಮೊಟ್ಟೆ ತುಂಬಿದ ಮೀನು, ಗೊತ್ತು. ಆದರೂ ಕೂಳಿ (ಮೀನು ಹಿಡಿಯುವ ಬುಟ್ಟಿ) ಇಟ್ಟು ಒಂದು ಹೊತ್ತಿನ ಸಾರಿಗೆ ಆಗುವಷ್ಟು ಹಿಡಿಯುವವನನ್ನು, ಹಳ್ಳಕ್ಕೆ ಅಡ್ಡ ಬಲೆ ಕಟ್ಟಿ ಒಂದೂ ದಾಟದಂತೆ ಮಾಡುವವನನ್ನು ಒಂದೇ ಸಾಲಿನಲ್ಲಿ ಬರೆದರೆ ಊರಿನವರು ನಿಮ್ಮ ಕಾಗದವನ್ನು ಓದುವುದೇ ಇಲ್ಲ.

ಗಾಜನೂರು ಗಾಳ:
ಮರಿ ಕಾಯುವ ಕೊರವಕ್ಕೆ ಗಾಳ ಹಾಕಬಾರದು ಅನ್ನುವುದು ಇವತ್ತೇ ಸೇರುತ್ತದೆ. ಎರಡು ತಿಂಗಳಿಗೂ ನಾನು ಒಪ್ಪಿದೆ, ಆದರೆ ಅದೇ ಕಾಗದದಲ್ಲಿ ತೋಟೆ, ಬ್ಲೀಚಿಂಗ್, ಅಡ್ಡಬಲೆ ನೋಡಿದ ಕೂಡಲೇ ದೂರು ಕೊಡುತ್ತೇವೆ ಅಂತಲೂ ಇರಬೇಕು. ಹತ್ತುಮೀನಿಗೆ ಏನು ಬರೆಯುವುದು ಅಂತ ಇನ್ನೂ ಹೊಳೆಯುತ್ತಿಲ್ಲ. ಹಳ್ಳ ಪೂರ್ತಿ ಕಟ್ಟಬಾರದು ಅಂತ ಮಾತ್ರ ಬರೆದರೆ ಸಾಕಾ?

ತೀರ್ಥಹಳ್ಳಿ ಹುಡುಗಿ:
ಸಾಲದು. ಕೂಳಿ ಇಡುವವರನ್ನೇ ಕರೆದು ಕೇಳಿ ಅಣ್ಣಾ, ಎಷ್ಟು ದಿನ ಬಿಟ್ಟರೆ ಮೀನು ಹತ್ತಿ ಮುಗಿಯುತ್ತದೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.