ಚಿಕ್ಕಮ್ಮನ ಗೃಹಪ್ರವೇಶದ ಫೋಟೋ ನಮಗೇಕೆ ಕಾಣಲಿಲ್ಲ

ಚಿಕ್ಕಮ್ಮ, ನಿನ್ನೆ ರಾತ್ರಿ ನೀವು ಈ ಗುಂಪಿನಲ್ಲಿ ಹೇಳಿದ ಮಾತು ಬೆಳಗಿನವರೆಗೂ ನನ್ನ ಮನಸ್ಸಿನಲ್ಲೇ ಇತ್ತು. ಶಂಕರಪುರದ ಹೊಸ ಮನೆಯ ಗೃಹಪ್ರವೇಶದ ಫೋಟೋಗಳನ್ನು ಫೇಸ್‌ಬುಕ್‌ನಲ್ಲಿ ಹಾಕಿ ಐದು ದಿನವಾದರೂ ಮುಂಬಯಿಯವರಾಗಲಿ, ದುಬೈಯವರಾಗಲಿ, ಇಲ್ಲೇ ಉಡುಪಿಯಲ್ಲಿರುವ ನಾವಾಗಲಿ ಒಂದು ಲೈಕ್ ಕೂಡ ಒತ್ತಲಿಲ್ಲ, ಎಲ್ಲರಿಗೂ ನಮ್ಮ ಮೇಲೆ ಏನೋ ಬೇಸರ ಇರಬೇಕು ಎಂದಿರಿ. ಅದಕ್ಕೆ ಕಟಪಾಡಿಯ ಮಾವ, ಫೋನು ನಮ್ಮ ಮಾತನ್ನೆಲ್ಲ ಕದ್ದು ಕೇಳಿ ತನಗೆ ಬೇಕಾದದ್ದನ್ನು ಮಾತ್ರ ತೋರಿಸುತ್ತದೆ ಎಂದು ಉತ್ತರ ಕೊಟ್ಟರು. ಎರಡಕ್ಕೂ ಸರಿಯಾದ ಉತ್ತರ ಕೊಡಬೇಕೆಂದು ಈ ಧ್ವನಿ ಸಂದೇಶ ಕಳುಹಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಊಟದ ಕೆಲಸವೆಲ್ಲ ಮುಗಿದ ಮೇಲೆ ಕುಳಿತು ಕೇಳಿ.

ಮೊದಲು ನನ್ನ ವಿಷಯವನ್ನೇ ಹೇಳುತ್ತೇನೆ. ನಾನು ನಿಮ್ಮ ಮನೆಯ ಹೋಮಕ್ಕೆ ಬಂದು ಊಟ ಮಾಡಿಕೊಂಡು ಹೋದವಳು, ಮತ್ತು ಆ ವಾರ ದಿನಕ್ಕೆ ಎರಡು ಮೂರು ಬಾರಿಯಾದರೂ ಫೇಸ್‌ಬುಕ್ ತೆರೆದವಳು. ಆದರೂ ಆ ಫೋಟೋಗಳು ಒಮ್ಮೆಯೂ ನನ್ನ ಕಣ್ಣಿಗೆ ಬೀಳಲಿಲ್ಲ. ನಿನ್ನೆ ನಿಮ್ಮ ಮಾತು ಓದಿದ ಮೇಲೆ ನಿಮ್ಮ ಪುಟಕ್ಕೇ ಹೋಗಿ ಹುಡುಕಿದಾಗ ಮಾತ್ರ ಸಿಕ್ಕಿದವು. ಮುಂಬಯಿಯ ಅಕ್ಕನನ್ನು ಕೇಳಿದೆ, ಅವಳಿಗೂ ಕಂಡಿರಲಿಲ್ಲ. ನೋಡಿಯೂ ಸುಮ್ಮನಿದ್ದದ್ದು ಬೇರೆ, ನೋಡಲು ಸಿಗದೇ ಹೋದದ್ದು ಬೇರೆ. ಇಲ್ಲಿ ನಡೆದದ್ದು ಎರಡನೆಯದು.

ಫೇಸ್‌ಬುಕ್‌ನಲ್ಲಿ ಒಂದು ಫೋಟೋ ಹಾಕುವುದೆಂದರೆ ಊರಿನ ಎಲ್ಲರೂ ಹಾದುಹೋಗುವ ದಾರಿಯ ಬದಿಯ ಹಲಗೆಯ ಮೇಲೆ ಚೀಟಿ ಅಂಟಿಸಿದಂತೆ ಎಂದು ನಾವು ಭಾವಿಸಿದ್ದೇವೆ. ಹಾಗಿಲ್ಲ. 2006ರ ಸೆಪ್ಟೆಂಬರಿನಲ್ಲಿ ಅವರು ನ್ಯೂಸ್ ಫೀಡ್, ಅಂದರೆ ತೆರೆದೊಡನೆ ನಮ್ಮೆದುರು ಬರುವ ಪೋಸ್ಟುಗಳ ಸಾಲು, ಎಂಬುದನ್ನು ತಂದ ಮೇಲೆ, ಯಾರು ಏನು ನೋಡಬೇಕೆಂಬುದನ್ನು ಆರಿಸಿ ಮುಂದಿಡುವ ಕೆಲಸ ಕ್ರಮೇಣ ಕಂಪ್ಯೂಟರಿನ ಲೆಕ್ಕದ ಯಂತ್ರಕ್ಕೆ ಸೇರಿತು. 2014ರಲ್ಲಿ ಆ ಕಂಪನಿಯೇ ಹೇಳಿದ ಪ್ರಕಾರ, ಒಬ್ಬ ಮನುಷ್ಯ ಫೇಸ್‌ಬುಕ್ ತೆರೆದಾಗ ಅವನಿಗೆ ತೋರಿಸಬಹುದಾದ ಪೋಸ್ಟುಗಳು 1,500ಕ್ಕೂ ಹೆಚ್ಚಿರುತ್ತಿದ್ದವು, ಅವುಗಳಲ್ಲಿ ಸುಮಾರು 300 ಮಾತ್ರ ಅವನ ಮುಂದೆ ಬರುತ್ತಿದ್ದವು. ಆ 300ರಲ್ಲಿಯೂ ನಾವು ಬೆರಳಾಡಿಸಿ ನೋಡುವುದು ಮೇಲಿನ ಇಪ್ಪತ್ತೋ ಮೂವತ್ತೋ. ಆದ್ದರಿಂದ ಸಾಲಿನಲ್ಲಿ ಹಿಂದೆ ಬಿದ್ದ ಪೋಸ್ಟು ಇದ್ದೂ ಇಲ್ಲದಂತೆಯೇ ಸರಿ.

ಹಾಗಾದರೆ ಸಾಲಿನಲ್ಲಿ ಮುಂದೆ ಯಾರು, ಹಿಂದೆ ಯಾರು ಎಂದು ತೀರ್ಮಾನವಾಗುವುದು ಹೇಗೆ? 2010ರಲ್ಲಿ ಅವರೇ ವಿವರಿಸಿದ ಹಳೆಯ ಸೂತ್ರದಲ್ಲಿ ಮೂರು ಅಂಶಗಳಿದ್ದವು: ನೋಡುವವರಿಗೂ ಹಾಕಿದವರಿಗೂ ಇರುವ ಒಡನಾಟ ಎಷ್ಟು, ಪೋಸ್ಟಿಗೆ ಬಂದ ಪ್ರತಿಕ್ರಿಯೆ ಯಾವ ಬಗೆಯದು, ಮತ್ತು ಅದು ಎಷ್ಟು ಹಳೆಯದು. ಈಗ ಆ ಮೂರರ ಜಾಗದಲ್ಲಿ ಸಾವಿರಾರು ಸೂಚನೆಗಳಿವೆ, ಆದರೆ ತಿರುಳು ಬಹಳ ಬದಲಾಗಿಲ್ಲ. ಇಲ್ಲಿ ಒಡನಾಟ ಎಂಬ ಮಾತನ್ನು ಗಮನಿಸಿ, ಚಿಕ್ಕಮ್ಮ. ನೀವು ನನ್ನ ತಾಯಿಯ ತಂಗಿ ಎಂಬುದು ಆ ಲೆಕ್ಕದಲ್ಲಿ ಬಹಳ ತೂಗುವುದಿಲ್ಲ. ನಾನು ನಿಮ್ಮ ಪೋಸ್ಟುಗಳ ಮೇಲೆ ಎಷ್ಟು ಸಲ ಬೆರಳಿಟ್ಟೆ, ಎಷ್ಟು ಹೊತ್ತು ನಿಂತೆ, ನಿಮ್ಮ ಪುಟವನ್ನು ಎಷ್ಟು ಸಲ ತೆರೆದೆ, ಅಲ್ಲಿ ಏನಾದರೂ ಬರೆದೆನೇ ಎಂಬುದೇ ತೂಗುವುದು. ವಾರಕ್ಕೆ ಎರಡು ಸಲ ನಾನು ನಿಮಗೆ ಫೋನು ಮಾಡಿ ಅರ್ಧ ಗಂಟೆ ಮಾತನಾಡುತ್ತೇನೆ. ಆ ಮಾತು ಅಲ್ಲಿ ಜಮೆಯಾಗುವುದಿಲ್ಲ. ನೀವು ವರ್ಷಕ್ಕೆ ಎರಡು ಬಾರಿ ಫೋಟೋ ಹಾಕುವವರು, ನಾನು ಅದನ್ನು ಎದುರಿಗೇ ಕಂಡಾಗ ಹೊಗಳುವವಳು. ಹೀಗಾಗಿ ಅತ್ಯಂತ ಹತ್ತಿರದವರಾದ ನಾವಿಬ್ಬರೂ ಆ ಯಂತ್ರದ ಕಣ್ಣಿಗೆ ಹೆಚ್ಚುಕಡಿಮೆ ಅಪರಿಚಿತರು. ನಿಮಗೆ ನೋವಾದದ್ದು ಇದೇ ಕಾರಣದಿಂದ ಎಂದು ತಿಳಿದಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ಕೆಲಸ ನಡೆಯುವ ಬಗೆಯನ್ನು ಮಲ್ಪೆಯ ಬಂದರಿನಲ್ಲಿ ಕಂಡದ್ದರ ಮೂಲಕ ಹೇಳಿದರೆ ಸುಲಭವಾಗಬಹುದು. ದೋಣಿಯಿಂದ ಇಳಿದ ಮೀನಿನ ರಾಶಿಯನ್ನು ಮೊದಲು ಬೇಗಬೇಗನೆ ಜಾತಿವಾರು ಬುಟ್ಟಿಗೆ ತುಂಬುತ್ತಾರೆ, ಅನಂತರ ಪ್ರತಿ ಬುಟ್ಟಿಯ ಮುಂದೆ ಕುಳಿತು ಒಂದೊಂದನ್ನೇ ನೋಡಿ ದೊಡ್ಡದು, ಸಣ್ಣದು, ತಾಜಾ ಎಂದು ಬೇರೆ ಮಾಡುತ್ತಾರೆ. ಯೂಟ್ಯೂಬ್‌ನ ಎಂಜಿನಿಯರುಗಳು 2016ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂಥದೇ ಎರಡು ಹಂತಗಳಿವೆ: ಲಕ್ಷಗಟ್ಟಲೆ ವಿಡಿಯೊಗಳಿಂದ ನಿಮಗೆ ಹೊಂದಬಹುದಾದ ಕೆಲವು ನೂರನ್ನು ಮೊದಲು ಬಾಚಿ ತೆಗೆಯುವುದು, ಆಮೇಲೆ ಆ ಕೆಲವು ನೂರಕ್ಕೆ ಒಂದೊಂದಾಗಿ ಅಂಕ ಕೊಟ್ಟು ಸಾಲಿನಲ್ಲಿ ನಿಲ್ಲಿಸುವುದು. ಅಂಕ ಎಂದರೆ ಒಂದು ಊಹೆ. ಈ ವಿಡಿಯೊವನ್ನು ಇವರು ಎಷ್ಟು ಹೊತ್ತು ನೋಡಬಹುದು, ಈ ಫೋಟೋದ ಕೆಳಗೆ ಇವರು ಕಮೆಂಟ್ ಬರೆಯುವ ಸಂಭವ ಎಷ್ಟು, ಇದನ್ನು ಇನ್ನೊಬ್ಬರಿಗೆ ಕಳುಹಿಸುವ ಸಂಭವ ಎಷ್ಟು ಎಂದು ನಮ್ಮ ಹಿಂದಿನ ನಡವಳಿಕೆಯಿಂದ ಊಹಿಸಿ, ಪ್ರತಿ ಊಹೆಗೂ ಒಂದು ತೂಕ ಹಾಕಿ, ಎಲ್ಲವನ್ನೂ ಕೂಡಿಸುತ್ತಾರೆ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಮಾತ್ರ ಯಂತ್ರ ತಾನಾಗಿ ಹುಟ್ಟಿಸುವುದಿಲ್ಲ. ಅದನ್ನು ಕಂಪನಿಯಲ್ಲಿ ಕುಳಿತ ಮನುಷ್ಯರು ತೀರ್ಮಾನಿಸುತ್ತಾರೆ, ಮತ್ತು ನಾವು ಹೆಚ್ಚು ಹೊತ್ತು ಅಲ್ಲೇ ಉಳಿದಷ್ಟೂ ಅವರಿಗೆ ಜಾಹೀರಾತಿನಿಂದ ಆದಾಯ. ಯೂಟ್ಯೂಬ್ 2012ರಲ್ಲಿ ಎಷ್ಟು ಮಂದಿ ಒತ್ತಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ಬೆಲೆ ಕೊಡಲಾರಂಭಿಸಿತು. 2018ರ ಹೊತ್ತಿಗೆ ಅಲ್ಲಿ ಜನ ನೋಡುವ ಸಮಯದಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ಭಾಗ ಅದೇ ಶಿಫಾರಸು ಮಾಡಿದ ವಿಡಿಯೊಗಳದ್ದೆಂದು ಅವರೇ ಹೇಳಿಕೊಂಡರು.

ನಿಮ್ಮ ಶಂಕರಪುರದಲ್ಲಿ ಮಲ್ಲಿಗೆಯ ಅಟ್ಟೆಗೆ, ಅಂದರೆ ಕಟ್ಟಿದ ಹೂವಿನ ಒಂದು ಅಳತೆಗೆ, ದಿನವೂ ಒಂದು ದರ ನಿಗದಿಯಾಗುತ್ತದೆ. ದರ ಇಳಿದ ದಿನ ನಿಮಗೆ ಕಷ್ಟವಾಗುತ್ತದೆ, ಆದರೂ ಇವತ್ತಿನ ದರ ಎಷ್ಟು ಎಂದು ಕಟ್ಟಿದವರಿಗೂ ಕೊಂಡವರಿಗೂ ಗೊತ್ತಿರುತ್ತದೆ. ಫೀಡಿನಲ್ಲಿ ಹಾಗಲ್ಲ. ನಿಮ್ಮ ಒಂದೇ ಫೋಟೋಕ್ಕೆ ನನ್ನ ಫೋನಿನಲ್ಲಿ ಒಂದು ದರ, ಅಕ್ಕನ ಫೋನಿನಲ್ಲಿ ಇನ್ನೊಂದು ದರ, ಮತ್ತು ಆ ದರ ಎಷ್ಟಾಗಿತ್ತು ಎಂಬುದು ಹಾಕಿದ ನಿಮಗೂ ತಿಳಿಯುವುದಿಲ್ಲ, ಕಾಣದೇ ಹೋದ ನಮಗೂ ತಿಳಿಯುವುದಿಲ್ಲ. ಇದೇ ನನಗೆ ಇದರಲ್ಲಿ ಅತ್ಯಂತ ಅನ್ಯಾಯವೆಂದು ತೋರುವ ಸಂಗತಿ. ತಿಳಿಯದಿರುವುದರಿಂದಲೇ ಖಾಲಿ ಬಿಟ್ಟ ಜಾಗವನ್ನು ನಾವು ನಮ್ಮ ಸಂಶಯದಿಂದ ತುಂಬಿಸುತ್ತೇವೆ.

ಇದಕ್ಕೆ ಇನ್ನೊಂದು ಕಾರಣವೂ ಸೇರಿದೆ. 2022ರ ಜುಲೈಯಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್, ಫೇಸ್‌ಬುಕ್ ಫೀಡಿನಲ್ಲಿ ಸುಮಾರು ಶೇಕಡಾ 15 ಭಾಗ ನಾವು ಅನುಸರಿಸದೇ ಇರುವವರ ಪೋಸ್ಟುಗಳೆಂದೂ, ಮುಂದಿನ ವರ್ಷದ ಕೊನೆಯೊಳಗೆ ಅದನ್ನು ದುಪ್ಪಟ್ಟಿಗಿಂತ ಹೆಚ್ಚಿಸುವುದೇ ಗುರಿಯೆಂದೂ ಹೇಳಿದರು. ಊಟದ ಪಂಕ್ತಿಯಲ್ಲಿ ಎಲೆಗಳ ಸಂಖ್ಯೆ ಹೆಚ್ಚುವುದಿಲ್ಲ, ಹೊಸಬರು ಕುಳಿತರೆ ಮನೆಯವರು ಎದ್ದು ಜಾಗ ಬಿಡಬೇಕು. ಅಡುಗೆಯ ರೀಲ್ಸು, ನಟರ ತುಣುಕು, ಎಲ್ಲಿಯದೋ ಅಪಘಾತದ ದೃಶ್ಯ ಇವೆಲ್ಲ ಬಂದು ಕುಳಿತ ಜಾಗ ನಿಮ್ಮ ಗೃಹಪ್ರವೇಶದ ಜಾಗ.

ಈಗ ಬೆಂಗಳೂರಿನ ಭಾವನಿಗೆ ಒಂದು ಮಾತು, ಏಕೆಂದರೆ ಕಳೆದ ತಿಂಗಳು ಅವರು ಇದೇ ಗುಂಪಿನಲ್ಲಿ, ಊರಿನ ಸುದ್ದಿ ನೋಡಿದರೆ ಮಕ್ಕಳನ್ನು ಕರೆದುಕೊಂಡು ಬರಲು ಹೆದರಿಕೆಯಾಗುತ್ತದೆ ಎಂದಿದ್ದರು. ಭಾವ, ಈ ತೂಕದ ಮಾತನ್ನು ನೀವು ಗಮನವಿಟ್ಟು ಕೇಳಬೇಕು. ಫೇಸ್‌ಬುಕ್‌ನಲ್ಲಿ ಲೈಕ್ ಜೊತೆಗೆ ಪ್ರೀತಿ, ನಗು, ಕೋಪ ಮುಂತಾದ ಮುಖಗಳು ಬಂದದ್ದು 2016ರಲ್ಲಿ. ಮರುವರ್ಷ ಅವರು ಅಂಥ ಒಂದೊಂದು ಮುಖಕ್ಕೂ ಒಂದು ಲೈಕಿನ ಐದು ಪಟ್ಟು ತೂಕ ಕೊಟ್ಟರು, ಕೋಪದ ಮುಖಕ್ಕೂ ಅಷ್ಟೇ. 2018ರ ಜನವರಿಯಲ್ಲಿ, ಮನೆಯವರ ಮತ್ತು ಗೆಳೆಯರ ನಡುವಿನ ಮಾತುಕತೆಯನ್ನು ಹೆಚ್ಚಿಸುತ್ತೇವೆ ಎಂಬ ಒಳ್ಳೆಯ ಉದ್ದೇಶ ಹೇಳಿ ಸೂತ್ರವನ್ನು ಮತ್ತೆ ಬದಲಾಯಿಸಿದರು. ಅದರಲ್ಲಿ ಒಂದು ಲೈಕಿಗೆ 1 ಅಂಕವಾದರೆ ಗಣನೀಯವಾದ ಒಂದು ಕಮೆಂಟಿಗೆ 30 ಅಂಕ. ಯೋಚಿಸಿ ನೋಡಿ: ಗೃಹಪ್ರವೇಶದ ಫೋಟೋದ ಕೆಳಗೆ ಹತ್ತು ಜನ ‘ಶುಭವಾಗಲಿ’ ಎಂದು ಬರೆದರೆ ಅಲ್ಲಿಗೆ ಮುಗಿಯಿತು, ಜಗಳದ ಪೋಸ್ಟಿನ ಕೆಳಗೆ ಒಬ್ಬರಿಗೊಬ್ಬರು ಉದ್ದುದ್ದ ಉತ್ತರ ಕೊಡುತ್ತಾ ಇನ್ನೂರು ಮಾತು ಬೀಳುತ್ತದೆ. ಮಾತು ಹೆಚ್ಚಿದಷ್ಟೂ ಅದು ಇನ್ನಷ್ಟು ಫೋನುಗಳಲ್ಲಿ ಮೇಲಕ್ಕೆ ಬರುತ್ತದೆ. ಕೋಪ ಹೆಚ್ಚು ಬೀಳುವ ಪೋಸ್ಟುಗಳಲ್ಲಿ ಸುಳ್ಳು ಮತ್ತು ವಿಷದ ಪ್ರಮಾಣ ಹೆಚ್ಚಿದೆ ಎಂದು ಆ ಕಂಪನಿಯ ಸಂಶೋಧಕರೇ ಒಳಗೆ ವರದಿ ಮಾಡಿದ್ದರು. 2020ರ ಸೆಪ್ಟೆಂಬರಿನಲ್ಲಿ ಕೋಪದ ಮುಖದ ತೂಕವನ್ನು ಸೊನ್ನೆ ಮಾಡಿದರು. ಇದೆಲ್ಲ ಹೊರಜಗತ್ತಿಗೆ ಗೊತ್ತಾದದ್ದು 2021ರಲ್ಲಿ, ಅಲ್ಲಿ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗೆನ್ ಎಂಬ ಮಹಿಳೆ ಒಳಗಿನ ಕಾಗದಪತ್ರಗಳನ್ನು ಹೊರಗೆ ತಂದ ಮೇಲೆ. ಆಕೆಯ ಧೈರ್ಯದ ಬಗ್ಗೆ ನನಗೆ ತುಂಬ ಗೌರವವಿದೆ.

ನಾನು ವಾರಕ್ಕೆ ಆರು ದಿನ ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮೂಲ್ಕಿಯಲ್ಲಿ ಹತ್ತಿದವರಿಗೆ ಪಡುಬಿದ್ರಿಯಿಂದ ಬಂದವರು ಸರಿದು ಜಾಗ ಕೊಡುವುದನ್ನು, ಕಂಡಕ್ಟರು ಅಜ್ಜಿಯ ಬುಟ್ಟಿಯನ್ನು ಇಳಿಸಿ ಕೊಡುವುದನ್ನು ಪ್ರತಿದಿನ ನೋಡುತ್ತೇನೆ. ಇವನ್ನು ಯಾರೂ ವಿಡಿಯೊ ಮಾಡುವುದಿಲ್ಲ, ಮಾಡಿದರೂ ಅದರ ಕೆಳಗೆ ವಾದ ಹುಟ್ಟುವುದಿಲ್ಲ, ಹಾಗಾಗಿ ಅದು ನಿಮ್ಮವರೆಗೆ ತಲುಪುವುದಿಲ್ಲ. ಈ ಊರಿನಲ್ಲಿ ಕೆಟ್ಟದ್ದು ನಡೆಯುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ, ನಡೆದಾಗ ನಮಗೂ ಭಯವಾಗುತ್ತದೆ. ಆದರೆ ನಿಮ್ಮ ಫೋನಿನಲ್ಲಿ ಕಾಣುವ ಊರಿನಲ್ಲಿ ಜಗಳ ಎಷ್ಟಿದೆ ಎಂಬುದನ್ನು ನಿರ್ಧರಿಸಿದ್ದು ಈ ಊರಲ್ಲ, ಅದರ ಮೇಲೆ ನೀವು ಎಷ್ಟು ಹೊತ್ತು ನಿಂತಿರಿ ಎಂಬ ಲೆಕ್ಕ.

ಮಾವ, ಕದ್ದು ಕೇಳುವ ವಿಷಯ. ಮೊಣಕಾಲು ನೋವಿನ ಎಣ್ಣೆಯ ಬಗ್ಗೆ ಮನೆಯಲ್ಲಿ ಮಾತನಾಡಿದ ಮರುದಿನವೇ ಅದರ ಜಾಹೀರಾತು ಬಂತು ಎಂದಿರಿ. ನಮ್ಮ ಮೈಕಿನಿಂದ ಮಾತು ಕೇಳಿ ಜಾಹೀರಾತು ತೋರಿಸುವುದಿಲ್ಲ ಎಂದು ಫೇಸ್‌ಬುಕ್ 2016ರಲ್ಲೇ ಹೇಳಿದೆ. ಆ ಮಾತನ್ನು ನಂಬಬೇಕೆಂದೂ ನಾನು ಒತ್ತಾಯಿಸುವುದಿಲ್ಲ, ಏಕೆಂದರೆ ಕೇಳುವ ಅಗತ್ಯವೇ ಇಲ್ಲದಷ್ಟು ಮಾಹಿತಿ ಬೇರೆ ದಾರಿಯಿಂದ ಹೋಗುತ್ತಿರುತ್ತದೆ. ಔಷಧಿ ಮಾರುವ ಒಂದು ಜಾಲತಾಣವನ್ನು ಅತ್ತೆ ತೆರೆದು ನೋಡಿರಬಹುದು. ಅಂಥ ಬಹಳಷ್ಟು ಅಂಗಡಿಗಳು ಯಾರು ಏನು ನೋಡಿದರು ಎಂಬುದನ್ನು ಜಾಹೀರಾತಿನ ಸಲುವಾಗಿ ಈ ಕಂಪನಿಗಳಿಗೆ ಕಳುಹಿಸುತ್ತವೆ. ನಿಮ್ಮ ವಯಸ್ಸು, ಊರು, ಒಂದೇ ಮನೆಯ ವೈಫೈ ಇವೂ ಅದಕ್ಕೆ ತಿಳಿದಿರುತ್ತವೆ. ಬಾಯಿಗಿಂತ ಹೆಚ್ಚು ಮಾತನಾಡುವುದು ನಮ್ಮ ಬೆರಳು.

ಇದನ್ನು ನಾನೇ ಕಂಡಿದ್ದೇನೆ. ಕಳೆದ ಆಟಿ ತಿಂಗಳಲ್ಲಿ ಒಂದು ಸಂಜೆ ಯೂಟ್ಯೂಬ್‌ನಲ್ಲಿ ಟಿವಿ ಚರ್ಚೆಯೊಂದರ ತುಣುಕು ನೋಡುತ್ತಿದ್ದಾಗ ಒಮ್ಮೆಲೇ ಮಳೆ ಬಂತೆಂದು ಫೋನನ್ನು ಜಗಲಿಯಲ್ಲೇ ಬಿಟ್ಟು ಬಟ್ಟೆ ತೆಗೆಯಲು ಓಡಿದೆ, ಅಲ್ಲಿಂದ ಅಡುಗೆಮನೆಗೆ ಹೋದವಳು ಮರಳಿ ಬಂದಾಗ ಒಂದು ಗಂಟೆಯಾಗಿತ್ತು. ಒಂದರ ಹಿಂದೆ ಒಂದು ಚರ್ಚೆ ತಾನಾಗಿ ಓಡುತ್ತಲೇ ಇತ್ತು. ಮರುದಿನ ತೆರೆದಾಗ, ಯಾವಾಗಲೂ ನನ್ನನ್ನು ಬಡಗುತಿಟ್ಟಿನ ಯಕ್ಷಗಾನ ಪ್ರಸಂಗಗಳೊಂದಿಗೆ ಎದುರುಗೊಳ್ಳುತ್ತಿದ್ದ ಪುಟದ ತುಂಬ ಕೂಗಾಡುವ ಮುಖಗಳು. ನಾನು ಬಟ್ಟೆ ತೆಗೆಯುತ್ತಿದ್ದೆ ಎಂಬುದು ಅದಕ್ಕೆ ಗೊತ್ತಿಲ್ಲ, ಒಂದು ಗಂಟೆ ಆಸಕ್ತಿಯಿಂದ ನೋಡಿದ್ದೇನೆ ಎಂದೇ ಅದು ಬರೆದುಕೊಂಡಿತು. ನೋಡಿದ ವಿಡಿಯೊಗಳ ಪಟ್ಟಿಗೆ ಹೋಗಿ ಆ ಗಂಟೆಯದ್ದನ್ನೆಲ್ಲ ಅಳಿಸಿ, ನಾಲ್ಕೈದು ದಿನ ಯಕ್ಷಗಾನವನ್ನೇ ಕೊನೆಯವರೆಗೆ ನೋಡಿದ ಮೇಲೆ ಪುಟ ಮತ್ತೆ ಮೊದಲಿನಂತಾಯಿತು.

ನಾವು ಈಗ ಮಾತನಾಡುತ್ತಿರುವ ಈ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಂಥ ಆಯ್ಕೆ ಇಲ್ಲ, ಯಾರು ಮೊದಲು ಕಳುಹಿಸಿದರೋ ಅವರದೇ ಮೊದಲು ಕಾಣುತ್ತದೆ. ಇಲ್ಲಿ ಯಾವುದು ಎಲ್ಲಿಗೆ ಹೋಗಬೇಕೆಂದು ಆರಿಸುವವರು ನಾವೇ, ಹಾಗೆ ನಾವು ಕಳುಹಿಸುವ ಸುಳ್ಳು ಸುದ್ದಿ ಬೇಗ ಹರಡದಿರಲೆಂದೇ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೆ ಕಳುಹಿಸಬಹುದೆಂಬ ಮಿತಿ ಬಂತು.

ಚಿಕ್ಕಮ್ಮ, ಭಾನುವಾರ ನಾನು ಶಂಕರಪುರಕ್ಕೆ ಬರುತ್ತೇನೆ. ಫೇಸ್‌ಬುಕ್‌ನ ಮೆನುವಿನಲ್ಲಿ ‘ಫೀಡ್ಸ್’ ಎಂಬುದನ್ನು ತೆರೆದರೆ ಗೆಳೆಯರ ಮತ್ತು ಮನೆಯವರ ಪೋಸ್ಟುಗಳು ಹೊಸದರಿಂದ ಹಳೆಯದಕ್ಕೆ ಬರಿಯ ದಿನಾಂಕದ ಕ್ರಮದಲ್ಲಿ ಕಾಣುತ್ತವೆ, ಮತ್ತು 30 ಜನರವರೆಗೆ ಆರಿಸಿ ಫೇವರಿಟ್ಸ್ ಎಂದು ಇಟ್ಟುಕೊಂಡರೆ ಅವರದ್ದು ಫೀಡಿನಲ್ಲಿ ಮೇಲೆ ಬರುತ್ತದೆ. ನಿನ್ನೆ ರಾತ್ರಿಯೇ ನಾನು ನಿಮ್ಮ ಹೆಸರನ್ನು ಅಲ್ಲಿ ಮೊದಲನೆಯದಾಗಿ ಸೇರಿಸಿದ್ದೇನೆ, ನಿಮ್ಮ ಫೋನಿನಲ್ಲಿಯೂ ಬಂದು ಮಾಡಿಕೊಡುತ್ತೇನೆ. ಅಲ್ಲಿಯವರೆಗೆ ಆ ಫೋಟೋಗಳನ್ನೆಲ್ಲ ದಯವಿಟ್ಟು ಈ ಗುಂಪಿಗೇ ಹಾಕಿ. ಹೊಸ್ತಿಲ ಮೇಲೆ ದೊಡ್ಡಮ್ಮ ಮಲ್ಲಿಗೆ ಮುಡಿದು ನಿಂತಿರುವ ಒಂದು ಫೋಟೋ ಇದೆಯಲ್ಲ, ಅಕ್ಕ ಅದನ್ನು ದೊಡ್ಡದಾಗಿ ಮುದ್ರಿಸಿ ಮುಂಬಯಿಯ ಮನೆಯಲ್ಲಿ ಇಡಬೇಕೆಂದು ಬೆಳಿಗ್ಗೆಯಿಂದ ನನ್ನಲ್ಲಿ ಕೇಳುತ್ತಿದ್ದಾಳೆ.