ತೋಟದ ನೆರಳಲ್ಲಿ ತೆಗೆದ ಹಕ್ಕಿ ಫೋಟೋ: ಹಸಿರು ತೆಗೆಯಲು ಹೋದರೆ ಕಿತ್ತಳೆ ಕೆಡುತ್ತದೆ, ಏನು ಮಾಡಲಿ?

ಸೊಪ್ಪಿನಬೆಟ್ಟ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟಕ್ಕೆ ಎರಡು ತಿಂಗಳಿಂದ ಆರೆಂಜ್ ಹೆಡೆಡ್ ಥ್ರಶ್ ಜೋಡಿಯೊಂದು ಬರುತ್ತಿದೆ. ಬೆಳಿಗ್ಗೆ ಏಳೂವರೆ ಸುಮಾರಿಗೆ ಬಸಿಗಾಲುವೆ ಪಕ್ಕ ಇಳಿದು, ಬಿದ್ದ ಸೋಗೆ, ದರಕು (ಒಣ ಎಲೆ) ಎಲ್ಲಾ ಕೊಕ್ಕಿನಲ್ಲಿ ಮಗುಚಿ ಹಾಕಿ ಹುಳ ಹುಡುಕುತ್ತವೆ. ತಲೆ, ಎದೆ ಕಿತ್ತಳೆ. ಬೆನ್ನು ಬೂದಿ ಮಿಶ್ರಿತ ನೀಲಿ. ಕೆನ್ನೆ, ಗಂಟಲು ಬಿಳಿ, ಆ ಬಿಳಿ ಕೆನ್ನೆಯ ಮೇಲೆ ಎರಡು ಕಪ್ಪು ಗೆರೆ. ಎಷ್ಟು ಚಂದ ಅಂದರೆ ನಾನು ಕ್ಯಾಮೆರಾ ಹಿಡಿದು ದಿನಾ ಒಂದು ಗಂಟೆ ಅಡಿಕೆ ಮರದ ಬುಡದಲ್ಲಿ ಕೂತಿರುತ್ತೇನೆ.

ಸಮಸ್ಯೆ ಎಡಿಟಿಂಗ್‌ನಲ್ಲಿ. ಲೆನ್ಸ್ 200-500, ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 4000, ಶಟರ್ 1/320, ರಾ ಫೈಲ್ (ಕ್ಯಾಮೆರಾ ಬಣ್ಣ ತಿದ್ದದೆ ಉಳಿಸುವ ಫೈಲ್). ಕಂಪ್ಯೂಟರಿಗೆ ಹಾಕಿ ನೋಡಿದರೆ ಇಡೀ ಚಿತ್ರಕ್ಕೆ ಹಸಿರು ನೀರು ಸವರಿದ ಹಾಗೆ ಕಾಣುತ್ತದೆ. ಹಕ್ಕಿಯ ಬೆನ್ನು ಪಾಚಿ ಹಿಡಿದ ಕಲ್ಲಿನ ಬಣ್ಣ. ಹಸಿರು ಹೋಗಲಿ ಅಂತ ಟಿಂಟ್ ಸ್ಲೈಡರನ್ನು ಮೆಜೆಂಟಾ (ಗುಲಾಬಿ ನೇರಳೆ) ಕಡೆ ಎಳೆದರೆ ಬೆನ್ನು ಸರಿಯಾಗುತ್ತದೆ, ಆದರೆ ಅಷ್ಟರಲ್ಲಿ ಎದೆ ಕಿತ್ತಳೆ ಹೋಗಿ ಕುಂಕುಮ ಆಗಿರುತ್ತದೆ. ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸಿದರೆ ಹಕ್ಕಿಯೇ ಸತ್ತ ಹಾಗೆ.

ನಿನ್ನೆ ಒಂದು ಫೋಟೋ ಫೋನಿಗೆ ಹಾಕಿಕೊಂಡು ಆಯಿಗೆ ತೋರಿಸಿದೆ. ಹೂ ಕೊಯ್ಯಲು ಹೋಗುವಾಗ ಅವಳೂ ದಿನಾ ಈ ಹಕ್ಕಿ ನೋಡುತ್ತಾಳೆ. "ತಮಾ, ಇದು ನಮ್ಮನೆ ಹಕ್ಕಿ ಅಲ್ಲ" ಅಂದಳು. ಅದು ಮನಸ್ಸಿಗೆ ತಾಗಿತು. ಯಾರಾದರೂ ತೋಟದ ಒಳಗೆ ಫೋಟೋ ತೆಗೆಯುವವರು ಇದ್ದರೆ ದಾರಿ ಹೇಳಿ.

ಶಾಲ್ಮಲೆದಂಡೆ, ಶಿರಸಿ

ನಿಮ್ಮ ಆಯಿ ಹೇಳಿದ್ದು ಸರಿ ಇದೆ. ನನಗೂ ವರ್ಷಗಟ್ಟಲೆ ಇದೇ ತೊಂದರೆ ಇತ್ತು, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಒಮ್ಮೆ ಆ ಹಕ್ಕಿ ನಿಲ್ಲುವ ಜಾಗದಲ್ಲಿ ನೀವೇ ಕುಕ್ಕರಗಾಲಲ್ಲಿ ಕೂತು ಅಂಗೈ ನೋಡಿಕೊಳ್ಳಿ. ಅಂಗೈ ಮೇಲೆ ಮಾಡಿದರೆ ಒಂದು ಬಣ್ಣ, ಕೆಳಗೆ ಮಾಡಿ ಬಗ್ಗಿ ನೋಡಿದರೆ ಇನ್ನೊಂದು ಬಣ್ಣ. ಮೇಲಿಂದ ಬರುವುದು ಅಡಿಕೆ ಸೋಗೆ, ಬಾಳೆ ಎಲೆ, ಏಲಕ್ಕಿ ಎಲೆ ಎಲ್ಲಾ ದಾಟಿ ಸೋಸಿ ಬಂದ ಹಸಿರು ಬೆಳಕು. ಕೆಳಗಿಂದ ಬರುವುದು ಒಣ ದರಕಿಗೆ, ಕೆಂಪು ಮಣ್ಣಿಗೆ ಬಡಿದು ಏಳುವ ಕಂದು ಬೆಳಕು. ಹಕ್ಕಿಯ ಬೆನ್ನಿಗೆ ಮೇಲಿನದ್ದು ಬೀಳುತ್ತದೆ, ಎದೆಗೆ ಕೆಳಗಿನದ್ದು. ಬೆನ್ನಿಗೆ ಬೇಕಾದಷ್ಟು ಮೆಜೆಂಟಾ ಕೊಟ್ಟರೆ ಮೊದಲೇ ಕೆಂಪು ಬೆಳಕು ಕುಡಿದ ಎದೆ ಕುಂಕುಮ ಆಗದೇ ಇನ್ನೇನಾಗುತ್ತದೆ? ಒಂದೇ ಹಕ್ಕಿಯ ಮೇಲೆ ಎರಡು ಬೆಳಕು ಇದೆ. ಒಂದೇ ಸ್ಲೈಡರ್‌ನಲ್ಲಿ ಎರಡೂ ಸರಿ ಹೋಗುವುದಿಲ್ಲ.

ನಾನು ಮಾಡುವುದು ಹೀಗೆ. ಕ್ಯಾಮೆರಾದಲ್ಲಿ ತಾನೇ ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ತೆಗೆದು ಡೇಲೈಟ್‌ಗೆ ಇಡುತ್ತೇನೆ. ಆಟೋದಲ್ಲಿ ಹಕ್ಕಿ ಎರಡು ಹೆಜ್ಜೆ ಸರಿದರೂ ಒಂದೊಂದು ಫ್ರೇಮಿಗೆ ಒಂದೊಂದು ಬಣ್ಣ ಬರುತ್ತದೆ, ಆಮೇಲೆ ಎಡಿಟಿಂಗ್‌ನಲ್ಲಿ ಹಿಡಿತವೇ ಸಿಗುವುದಿಲ್ಲ. ಹಕ್ಕಿ ಹಾರಿಹೋದ ಮೇಲೆ ಅದು ನಿಂತಿದ್ದ ಜಾಗದಲ್ಲೇ ಒಂದು ಗ್ರೇ ಕಾರ್ಡ್ (ಬಣ್ಣ ಅಳೆಯುವ ಬೂದು ಹಲಗೆ) ಇಟ್ಟು ಒಂದು ಫೋಟೋ. ತಡ ಮಾಡಬೇಡಿ, ತೋಟದ ಒಳಗೆ ಅರ್ಧ ಗಂಟೆಯಲ್ಲಿ ಬೆಳಕು ಬದಲಾಗಿರುತ್ತದೆ. ಗ್ರೇ ಕಾರ್ಡ್ ಬದಲು ಬಿಳಿ ಪಂಚೆ, ಬಿಳಿ ಕಾಗದ ಇಡುವವರಿದ್ದಾರೆ, ಅದು ಬೇಡ. ಬಟ್ಟೆ ಸೋಪಿನ ಪುಡಿಯಲ್ಲೂ ಕಾಗದದಲ್ಲೂ ಬಿಳುಪು ಹೊಳೆಯಲಿ ಅಂತ ಹಾಕುವ ಪದಾರ್ಥ ಇರುತ್ತದೆ, ಅದು ಕಣ್ಣಿಗೆ ಕಾಣದ ಬೆಳಕನ್ನು ನೀಲಿಯಾಗಿ ವಾಪಸ್ ಕೊಡುತ್ತದೆ. ಅದನ್ನು ಅಳತೆಗೆ ಹಿಡಿದರೆ ಫೋಟೋ ಹಳದಿ ಕಡೆ ವಾಲುತ್ತದೆ.

ಲೈಟ್‌ರೂಮ್‌ನಲ್ಲಿ (ಎಡಿಟಿಂಗ್ ತಂತ್ರಾಂಶ) ಮೊದಲು ಪ್ರೊಫೈಲ್ (ರಾ ಫೈಲ್‌ಗೆ ಬಣ್ಣ ಕೊಡುವ ಮೂಲ ಸೆಟ್ಟಿಂಗ್) ನೋಡಿ. ಅಡೋಬ್ ಕಲರ್ ಇದ್ದರೆ ಅದನ್ನು ಅಡೋಬ್ ನ್ಯೂಟ್ರಲ್‌ಗೋ ಕ್ಯಾಮೆರಾ ನ್ಯೂಟ್ರಲ್‌ಗೋ ಬದಲಾಯಿಸಿ. ಇಷ್ಟಕ್ಕೇ ಕಿತ್ತಳೆಯ ಅರ್ಧ ಅಬ್ಬರ ಇಳಿಯುತ್ತದೆ. ಆಮೇಲೆ ಗ್ರೇ ಕಾರ್ಡ್ ಮೇಲೆ ಕ್ಲಿಕ್ ಮಾಡಿ ಬಂದ ಟಿಂಟ್ ಎಷ್ಟು ಅಂತ ನೋಡಿಕೊಳ್ಳಿ. ಅದರ ಅರ್ಧ ಮಾತ್ರ ಹಾಕಿ. ಪೂರ್ತಿ ಹಾಕಿದರೆ ತೋಟವೇ ತೋಟದ ಹಾಗೆ ಕಾಣುವುದಿಲ್ಲ. ಉಳಿದ ಹಸಿರನ್ನು ಬೆನ್ನಿನ ಮೇಲೆ ಮಾತ್ರ ಒಂದು ಮಾಸ್ಕ್ ಹಾಕಿ ತೆಗೆಯಿರಿ. ಎದೆ ಇನ್ನೂ ಕೆಂಪು ಅನ್ನಿಸಿದರೆ ಆರೆಂಜ್ ಹ್ಯೂ ಸ್ಲೈಡರನ್ನು ಹಳದಿ ಕಡೆಗೆ ಐದಾರು ಅಂಕ ಸರಿಸಿದರೆ ಸಾಕು. ಸ್ಯಾಚುರೇಶನ್ ಮುಟ್ಟಲೇಬೇಡಿ. ಕಾಂಟ್ರಾಸ್ಟ್ ಮತ್ತು ಡೀಹೇಝ್ (ಮಬ್ಬು ತೆಗೆಯುವ ಸ್ಲೈಡರ್) ಏರಿಸಿದರೂ ಬಣ್ಣ ತಾನಾಗಿ ದಪ್ಪ ಆಗುತ್ತದೆ, ಅದು ಗಮನದಲ್ಲಿರಲಿ.

ಗಾಳಿಮರ, ಕಾರವಾರ

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ ಇದೆ, ಆದರೆ ಒಂದು ಕಡೆ ಅಲ್ಲ. ಬೆನ್ನಿನ ಹಸಿರನ್ನು ಮಾಸ್ಕ್ ಹಾಕಿ ತೆಗೆಯುವುದು ನನಗೆ ಒಗ್ಗುವುದಿಲ್ಲ. ಆ ಹಸಿರು ಆ ಬೆಳಿಗ್ಗೆ ಆ ಹಕ್ಕಿಯ ಮೇಲೆ ನಿಜವಾಗಿ ಇತ್ತು, ಅಲ್ವಾ? ನೋಡುವವನ ಕಣ್ಣು ಸುತ್ತಲಿನ ಹಸಿರಿಗೆ ಒಗ್ಗಿಕೊಂಡು ಬೆನ್ನನ್ನು ಬೂದಿಯಾಗಿ ನೋಡುತ್ತದೆ. ಫೋಟೋದಲ್ಲಿ ಸುತ್ತಲಿನ ತೋಟ ಸ್ವಲ್ಪ ಜಾಸ್ತಿ ಇದ್ದರೆ ಅದೇ ಕೆಲಸ ತಾನಾಗಿ ಆಗುತ್ತದೆ. ಹಕ್ಕಿಯನ್ನೇ ಫ್ರೇಮ್ ತುಂಬಾ ಕತ್ತರಿಸಿಟ್ಟರೆ ಮಾತ್ರ ಹಸಿರು ಕಣ್ಣಿಗೆ ಹೊಡೆಯುವುದು. ಕ್ರಾಪ್ ಸ್ವಲ್ಪ ಬಿಡಿಸಿ ನೋಡಿ.

ನಮ್ಮ ಕಡೆ ತೊಂದರೆ ಬೇರೆಯದೇ. ಕಡಲ ದಂಡೆಯ ಗಾಳಿ ಮರಗಳಲ್ಲಿ ಕರಿತಲೆ ಹೊನ್ನಕ್ಕಿ ಕೂತಿರುತ್ತದೆ, ಒಂಬತ್ತು ಗಂಟೆಗೆಲ್ಲಾ ಬಿಸಿಲು ಕಡು. ಮನೆಗೆ ಬಂದು ನೋಡಿದರೆ ಹಕ್ಕಿಗೆ ಅರಿಶಿನ ಮೆತ್ತಿಟ್ಟ ಹಾಗೆ, ಒಂದು ಗರಿಯ ಗೆರೆಯೂ ಇಲ್ಲ. ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಒಟ್ಟಾರೆ ಸರಿಯಾಗೇ ಇರುತ್ತದೆ, ಕೆಂಪು ಚಾನೆಲ್ ಬಿಡಿಸಿ ನೋಡಿದಾಗ ಅದು ಬಲಗಡೆ ಗೋಡೆಗೆ ಹೋಗಿ ಹೊಡೆದಿರುತ್ತದೆ, ಅಂದರೆ ಆ ಬಣ್ಣದ ವಿವರ ಹೋಗಿರುತ್ತದೆ. ಹಳದಿ ಹಕ್ಕಿ ಅಂದರೆ ಕೆಂಪು, ಹಸಿರು ಎರಡೂ ಚಾನೆಲ್ ತುಂಬಿರುತ್ತವೆ, ನೀಲಿ ಹೆಚ್ಚುಕಮ್ಮಿ ಖಾಲಿ. ಈಗ ನಾನು ಹೊನ್ನಕ್ಕಿಗೆ ಎಕ್ಸ್‌ಪೋಶರ್ ಮೈನಸ್ 0.7 ಇಟ್ಟೇ ಶುರು ಮಾಡುತ್ತೇನೆ. ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ ರಾ ಫೈಲ್‌ನದ್ದಲ್ಲ, ಅದು ತಾನೇ ಬಣ್ಣ ಹಾಕಿದ ಜೆಪೆಗ್‌ನದ್ದು, ಆದ್ದರಿಂದ ಪಿಕ್ಚರ್ ಸೆಟ್ಟಿಂಗ್ ವಿವಿಡ್ ಇದ್ದರೆ ನ್ಯೂಟ್ರಲ್ ಮಾಡಿಕೊಳ್ಳಿ, ಲೆಕ್ಕ ಸ್ವಲ್ಪ ನಿಜಕ್ಕೆ ಹತ್ತಿರ ಬರುತ್ತದೆ. ನಿಮ್ಮ ಥ್ರಶ್ ಎದೆಯ ಮೇಲೆ ಎಲ್ಲಾದರೂ ಬಿಸಿಲಿನ ಕೋಲು ಬಿದ್ದಿದ್ದರೆ ಅಲ್ಲೂ ಇದೇ ಕೆಂಪು ಚಾನೆಲ್ ನೋಡಿ.

ಇನ್ನೊಂದು ಮಾತು. ನಮ್ಮ ಮನೆಯ ಕೆಂಪು ಚಿರೆಕಲ್ಲಿನ ಪಾಗಾರದ, ಅಂದರೆ ಕಾಂಪೌಂಡ್ ಗೋಡೆಯ, ಮೇಲೆ ಮಡಿವಾಳ ಹಕ್ಕಿ ಬಂದು ಹಾಡುತ್ತದೆ. ಬಿಸಿಲು ಕಲ್ಲಿಗೆ ಬಿದ್ದಾಗ ಅದರ ಬಿಳಿ ಹೊಟ್ಟೆ ತೆಳು ಕೆಂಪು. ಅಲ್ಲಿ ಕ್ಲಿಕ್ ಮಾಡಿ ಬಿಳಿ ಮಾಡಲು ಹೋದರೆ ಬೆನ್ನಿನ ಕಪ್ಪು ನೀಲಿ ಆಗಿಬಿಡುತ್ತದೆ. ಹಕ್ಕಿಯ ಬಿಳಿ ಗರಿಯನ್ನು ಬಿಳಿ ಅಂತ ನಂಬಬೇಡಿ, ಅದು ಪಕ್ಕದಲ್ಲಿರುವ ಬಣ್ಣ ಎಲ್ಲಾ ಎಳೆದುಕೊಳ್ಳುತ್ತದೆ.

ಅಘನಾಶಿನಿ, ಕುಮಟಾ

ಯಾರೂ ಸ್ಕ್ರೀನ್ ಬಗ್ಗೆ ಕೇಳಲಿಲ್ಲವಲ್ಲ. ಆಯಿಗೆ ತೋರಿಸಿದ್ದು ಫೋನಿನಲ್ಲಿ ಅಂತ ಬರೆದಿದ್ದೀರಿ. ಎಷ್ಟೋ ಫೋನ್ ಅಂಗಡಿಯಿಂದ ಬರುವಾಗಲೇ ವಿವಿಡ್ ಮೋಡ್‌ನಲ್ಲಿ ಇರುತ್ತವೆ, ಕೆಂಪು ಕಿತ್ತಳೆ ಎಲ್ಲಾ ಎರಡು ಪಟ್ಟು ತೋರಿಸುತ್ತವೆ. ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ ನ್ಯಾಚುರಲ್ ಅಂತ ಇರುತ್ತದೆ, ಅದಕ್ಕೆ ಹಾಕಿ. ಲ್ಯಾಪ್‌ಟಾಪ್‌ನಲ್ಲಿ ನೈಟ್ ಲೈಟ್ ಆನ್ ಇದೆಯಾ ನೋಡಿ. ರಾತ್ರಿ ಎಡಿಟ್ ಮಾಡುವವರಿಗೆ ಇದು ದೊಡ್ಡ ಮೋಸ, ಸ್ಕ್ರೀನ್ ಹಳದಿ ಇರುವಾಗ ಸರಿ ಮಾಡಿದ ಫೋಟೋ ಬೆಳಿಗ್ಗೆ ನೀಲಿ ಕಾಣುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಎಸ್‌ಆರ್‌ಜಿಬಿ ಇರಲಿ, ಹೆಚ್ಚಿನ ಸ್ಕ್ರೀನ್‌ಗೆ ಹೊಂದುವ ಬಣ್ಣದ ವ್ಯಾಪ್ತಿ ಅದು. ಅಡೋಬ್ ಆರ್‌ಜಿಬಿಯಲ್ಲಿ ಕಳಿಸಿದರೆ ಕೆಲವು ಫೋನ್‌ನಲ್ಲಿ ಬಣ್ಣ ಸಪ್ಪೆಯಾಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ನೋಡಿ ತೀರ್ಪು ಕೊಡಬೇಡಿ, ಸಣ್ಣ ಗರಿಗಳ ಬಣ್ಣ ಅಲ್ಲಿ ಕಲಸಿಹೋಗುತ್ತದೆ.

ಸೊಪ್ಪಿನಬೆಟ್ಟ, ಶಿರಸಿ

ಮೂವರಿಗೂ ತುಂಬಾ ಧನ್ಯವಾದ. ಮೊದಲು ಫೋನ್ ನೋಡಿದೆ, ವಿವಿಡ್‌ನಲ್ಲೇ ಇತ್ತು. ಲ್ಯಾಪ್‌ಟಾಪ್‌ನಲ್ಲಿ ನೈಟ್ ಲೈಟ್ ಇರಲಿಲ್ಲ, ಆದರೆ ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟಿದ್ದೆ.

ಶಾಲ್ಮಲೆದಂಡೆ ಅವರು ಹೇಳಿದ ಹಾಗೆ ಅಂಗೈ ಹಿಡಿದು ನೋಡಿದೆ. ಇಷ್ಟು ವರ್ಷ ಈ ತೋಟದಲ್ಲೇ ಓಡಾಡಿದ್ದೇನೆ, ಕೈಯ ಎರಡು ಮಗ್ಗುಲಿಗೆ ಎರಡು ಬಣ್ಣ ಅಂತ ಕಂಡಿದ್ದು ಮೊನ್ನೆಯೇ. ಗ್ರೇ ಕಾರ್ಡ್ ಪ್ರಕಾರ ಟಿಂಟ್ ಪ್ಲಸ್ 38 ಬಂತು, ನಾನು 20ಕ್ಕೆ ನಿಲ್ಲಿಸಿದೆ. ಪ್ರೊಫೈಲ್ ನ್ಯೂಟ್ರಲ್. ಒಂದು ಕಾಪಿಯಲ್ಲಿ ಬೆನ್ನಿಗೆ ಮಾಸ್ಕ್ ಹಾಕಿದೆ, ಇನ್ನೊಂದರಲ್ಲಿ ಮಾಸ್ಕ್ ಇಲ್ಲದೆ ಕ್ರಾಪ್ ದೊಡ್ಡದು ಮಾಡಿ ಸೋಗೆ, ಕಾಲುವೆ ಎಲ್ಲಾ ಬರುವ ಹಾಗೆ ಬಿಟ್ಟೆ. ಎರಡನ್ನೂ ಆಯಿಗೆ ಲ್ಯಾಪ್‌ಟಾಪ್‌ನಲ್ಲೇ ತೋರಿಸಿದೆ. ಎರಡನೆಯದನ್ನು ತುಂಬಾ ಹೊತ್ತು ನೋಡಿ, "ಇದು ಅಬ್ಬಿ ಪಕ್ಕ ಬರ್ತಲಾ ಅದೇ" ಅಂದಳು. ಆದರೆ ಎದೆ ಇನ್ನೂ ಒಂದು ಚೂರು ಕೆಂಪಂತೆ. ಆರೆಂಜ್ ಹ್ಯೂ ಪ್ಲಸ್ 4 ಮಾಡಿದೆ, ಅದು ಅವಳಿಗೆ ಸರಿ ಕಂಡಿತು.

ಇನ್ನೊಂದು ಪ್ರಶ್ನೆ. ಹಳ್ಳದಲ್ಲಿ ಸಿಳ್ಳಾರ ಇದೆ, ಅದೇ ಮಲಬಾರ್ ವಿಸ್ಲಿಂಗ್ ಥ್ರಶ್, ಬೆಳಕು ಹರಿಯುವ ಮೊದಲೇ ಸಿಳ್ಳೆ ಹಾಕುತ್ತದೆ. ಅದರ ಹಣೆ ಮತ್ತು ಭುಜದ ನೀಲಿ ಹತ್ತು ಫೋಟೋದಲ್ಲಿ ಒಂಬತ್ತರಲ್ಲಿ ಬರೀ ಕಪ್ಪು. ನೀಲಿಯನ್ನು ಎಡಿಟಿಂಗ್‌ನಲ್ಲಿ ಎತ್ತಬಹುದಾ?

ಶಾಲ್ಮಲೆದಂಡೆ, ಶಿರಸಿ

ಎತ್ತಬೇಡಿ. ಆ ನೀಲಿ ಗರಿಗೆ ಹಚ್ಚಿದ ಬಣ್ಣ ಅಲ್ಲ. ಹೊನ್ನಕ್ಕಿಯ ಹಳದಿ ತಿನ್ನುವ ಆಹಾರದಿಂದ ಬರುವ ಬಣ್ಣ, ಅದು ಯಾವ ಕಡೆಯಿಂದ ನೋಡಿದರೂ ಹಳದಿಯೇ. ಸಿಳ್ಳಾರದ ನೀಲಿ ಗರಿಯ ಒಳಗಿನ ಅತಿ ಸಣ್ಣ ರಚನೆಯಲ್ಲಿ ಬೆಳಕು ಒಡೆದು ಹುಟ್ಟುವುದು. ಬೆಳಕು ಬೀಳಲೇಬೇಕು, ಅದೂ ಸರಿಯಾದ ಕೋನದಲ್ಲಿ. ಸೂರಕ್ಕಿಯ ಗಂಟಲು ಒಮ್ಮೆ ಹೊಳೆದು ತಲೆ ತಿರುಗಿಸಿದ ಕೂಡಲೇ ಕಪ್ಪಾಗುವುದೂ ಹೀಗೇ. ಫೈಲ್‌ನಲ್ಲಿ ಇಲ್ಲದ ನೀಲಿಯನ್ನು ಎತ್ತಿದರೆ ಬರುವುದು ನೇರಳೆ ಚುಕ್ಕಿಗಳು ಮಾತ್ರ. ಐಎಸ್‌ಒ 6400ರಲ್ಲಂತೂ ಖಂಡಿತ.

ಹಳ್ಳದ ಆಚೆ ದಡದಲ್ಲಿ ಆಕಾಶ ತೆರೆದಿರುವ ಜಾಗ ಹುಡುಕಿ, ಅದು ನಿಮ್ಮ ಬೆನ್ನ ಹಿಂದೆ ಬರುವ ಹಾಗೆ ಕೂತುಕೊಳ್ಳಿ. ಮೋಡ ಇದ್ದ ದಿನ ಇನ್ನೂ ಒಳ್ಳೆಯದು. ಹಕ್ಕಿ ಕಲ್ಲಿಂದ ಕಲ್ಲಿಗೆ ಹಾರುವಾಗ ಭುಜ ಒಮ್ಮೆ ನಿಮ್ಮ ಕಡೆ ತಿರುಗುತ್ತದೆ, ಅಷ್ಟೇ ಸಮಯ. ಉಳಿದ ಒಂಬತ್ತು ಕಪ್ಪು ಫೋಟೋದಲ್ಲಿ ಹಕ್ಕಿಯನ್ನು ಕಪ್ಪಾಗೇ ಬಿಡಿ, ಹಳ್ಳದಲ್ಲಿ ನಾವು ನೋಡುವುದೂ ಹಾಗೇ ತಾನೇ.

ಮಳೆ ಶುರುವಾದ ಮೇಲೆ ಅದು ಹಳ್ಳದ ಬಂಡೆ ಸಂದಿಯಲ್ಲಿ ಗೂಡು ಕಟ್ಟುತ್ತದೆ. ಆಗ ಆ ಕಡೆ ಹೋಗಬೇಡಿ, ಫೋನಿನಲ್ಲಿ ಅದರ ಕೂಗು ಹಾಕಿ ಕರೆಯುವುದಂತೂ ಯಾವ ಕಾಲದಲ್ಲೂ ಬೇಡ. ಈಗ ಇರುವ ಎರಡು ಮೂರು ವಾರದಲ್ಲೇ ಪ್ರಯತ್ನ ಮಾಡಿ. ಬೆಳಿಗ್ಗೆ ಆರೂವರೆಗೆ ಹೋಗಿ ಕೂತರೆ ಏಳೂಕಾಲರ ಹೊತ್ತಿಗೆ ಬೆಳಕು ಸಾಕಾಗುತ್ತದೆ.