ಮಾರುತಿ 800 ಇಂಜಿನ್ ಮನೆಯಲ್ಲೇ ಬಿಚ್ಚಬಹುದಾ? ಗೊತ್ತಿರುವವರು ಹೇಳಿ

ಪ್ರಶ್ನೆ, ಚಿಕ್ಕಬಳ್ಳಾಪುರದಿಂದ:
2006ರ ಮಾರುತಿ 800, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಹೋಗುವ ಇಂಜಿನ್). 1,40,000 ಕಿ.ಮೀ. ಓಡಿದೆ. 1,000 ಕಿ.ಮೀ.ಗೆ ಹೆಚ್ಚುಕಮ್ಮಿ ಒಂದು ಲೀಟರ್ ಆಯಿಲ್ ಕುಡಿಯುತ್ತಿದೆ, ನೀಲಿ ಹೊಗೆ. ಗ್ಯಾರೇಜಿನಲ್ಲಿ ಫುಲ್ ಇಂಜಿನ್ ಕೆಲಸ ಅಂದರು. ಸರ್ವಿಸ್ ಮಟ್ಟದ ಕೆಲಸ ಬರುತ್ತೆ, ಇಂಜಿನ್ ಇಳಿಸಿ ಗೊತ್ತಿಲ್ಲ. ಶೆಡ್‌ನಲ್ಲಿ ನಾನೇ ಮಾಡಲಾ?

ಕೋಲಾರದಿಂದ:
ಪಾನಾ ಹಿಡಿಯೋ ಮೊದಲು ಅಳೀರಿ ಅಣ್ಣಾ. ಹೊಗೆ ಯಾವಾಗ ಬರುತ್ತೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಅಥವಾ ಇಳಿಜಾರಲ್ಲಿ ಕಾಲು ತೆಗೆದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಭಸ್ ಅಂತ ಬಂದರೆ ವಾಲ್ವ್ ಸೀಲ್ (ವಾಲ್ವ್ ದಂಡಿನ ಸುತ್ತ ಆಯಿಲ್ ತಡೆಯೋ ರಬ್ಬರ್) ಮೇಲೆ ಅನುಮಾನ. ಏರಲ್ಲಿ ಎಳೆಯುವಾಗ ಬಿಡದೆ ಬಂದರೆ ರಿಂಗು (ಪಿಸ್ಟನ್ ಸುತ್ತಿನ ಬಳೆ), ಬೋರು (ಪಿಸ್ಟನ್ ಓಡೋ ಸಿಲಿಂಡರಿನ ಒಳಗೋಡೆ).

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಹುಟ್ಟೋ ಒತ್ತಡ, ಅಳೀರಿ. ಇಂಜಿನ್ ಬಿಸಿ ಇರಲಿ, ಬ್ಯಾಟರಿ ಫುಲ್ ಚಾರ್ಜ್ ಇರಲಿ. ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು, ಇಗ್ನಿಷನ್ ಕನೆಕ್ಟರ್ ಬಿಡಿಸಿ, ಮೂರೂ ಪ್ಲಗ್ ಬಿಚ್ಚಿ. ಒಂದೊಂದೇ ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ, ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಐದಾರು ಸುತ್ತು ಕ್ರ್ಯಾಂಕ್ ಮಾಡಲಿ (ಸ್ಟಾರ್ಟರ್‌ನಿಂದ ಇಂಜಿನ್ ತಿರುಗಿಸಲಿ). ಚೆನ್ನಾಗಿರೋ ಇಂಜಿನ್ ಸುಮಾರು 12 ಕೆಜಿ (ಚದರ ಸೆಂ.ಮೀ.ಗೆ) ತೋರಿಸುತ್ತೆ, ಮೂರರ ನಡುವೆ 1 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಕಮ್ಮಿ ಬಂದ ಸಿಲಿಂಡರಿಗೆ 10 ಮಿ.ಲೀ. ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಹಾಳೆ). ಅಕ್ಕಪಕ್ಕದ ಎರಡೂ ಒಟ್ಟಿಗೆ ಬಿದ್ದಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುತ್ತೆ.

ಪ್ರಶ್ನೆ ಕೇಳಿದವರು:
ಅಳೆದೆ. 12, 8.5, 11.8. ಆಯಿಲ್ ಬಿಟ್ಟ ಮೇಲೆ ಎರಡನೆಯದು 11ಕ್ಕೆ ಬಂತು. ಹೊಗೆ ಏರಲ್ಲೇ ಜಾಸ್ತಿ.

ತುಮಕೂರಿನಿಂದ:
ಹಾಗಾದರೆ ಎರಡನೇ ಸಿಲಿಂಡರಿನ ರಿಂಗು. ಮುರಿದಿರಬಹುದು, ಕಾರ್ಬನ್ ಕಟ್ಟಿ ಹಿಡಿದುಕೊಂಡಿರಬಹುದು, ಬೋರ್ ಗೀಚಿರಬಹುದು. ಇಂಜಿನ್ ತೆರೆಯಲೇಬೇಕು. ನೀವು ಮಾಡಬಹುದು, ಆದರೆ ಕೆಲಸವನ್ನು ಎರಡು ಪಾಲು ಮಾಡಿ: ಬಿಚ್ಚುವುದು, ತೊಳೆಯುವುದು, ಜೋಡಿಸುವುದು ನಿಮ್ಮದು. ಅಳತೆ, ಬೋರಿಂಗ್ (ಬೋರ್ ಕೊರೆದು ಅಗಲಿಸುವುದು), ಹೋನಿಂಗ್ (ಗೋಡೆಯನ್ನು ಕಲ್ಲಿನಿಂದ ಉಜ್ಜುವುದು), ಹೆಡ್ ಫೇಸಿಂಗ್ (ಹೆಡ್ಡಿನ ಮುಖ ಸಮ ಮಾಡುವುದು) ಮೆಷಿನ್ ಶಾಪಿನದು. ಬೋರ್ ಗೇಜ್ ಕೊಳ್ಳಲು ಹೋಗಬೇಡಿ. ಟಾರ್ಕ್ ರೆಂಚ್ (ಹೇಳಿದಷ್ಟೇ ಬಲಕ್ಕೆ ಬಿಗಿಯುವ ಪಾನಾ), ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ರಿಂಗ್ ಕಂಪ್ರೆಸರ್ (ರಿಂಗ್ ಒತ್ತಿ ಹಿಡಿದು ಪಿಸ್ಟನ್ ಇಳಿಸುವ ಪಟ್ಟಿ) ಮಾತ್ರ ಬೇಕೇ ಬೇಕು. ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಬಿಗಿಯುವವರು ಈ ಕೆಲಸಕ್ಕೆ ಇಳಿಯುವುದೇ ಬೇಡ.

ಹೆಡ್ ತೆಗೆದ ಮೇಲೆ ಬೋರಿನ ಮೇಲಂಚಿನಲ್ಲಿ ಉಗುರು ಆಡಿಸಿ. ಉಗುರು ತಡೆದರೆ ಅಲ್ಲಿ ಮೆಟ್ಟಿಲು ಬಿದ್ದಿದೆ. ಮೆಷಿನ್ ಶಾಪಿನವರು ಮೇಲೆ, ಮಧ್ಯೆ, ಕೆಳಗೆ, ಪ್ರತಿ ಕಡೆ ಉದ್ದಕ್ಕೂ ಅಡ್ಡಕ್ಕೂ ಅಳೆದು ಚೀಟಿಯಲ್ಲಿ ಬರೆದುಕೊಡಲಿ. ಸವೆತ 0.1 ಮಿ.ಮೀ. ದಾಟಿದ್ದರೆ ಬರೀ ರಿಂಗ್ ಹಾಕಿ ಪ್ರಯೋಜನವಿಲ್ಲ, ಸ್ವಲ್ಪ ದಿನಕ್ಕೆ ಹೊಗೆ ವಾಪಸ್. ಈ ಇಂಜಿನ್ನಿನ ಬೋರ್ 68.5 ಮಿ.ಮೀ. 0.25 ಓವರ್‌ಸೈಜ್ (ದೊಡ್ಡ ಪಿಸ್ಟನ್ನಿಗೆ ಬೋರ್ ಅಗಲಿಸುವುದು) ಆದರೆ 68.75, 0.50 ಆದರೆ 69. ಪಿಸ್ಟನ್ ಮೊದಲು ಕೊಂಡು ಶಾಪಿಗೆ ಕೊಡಿ, ಅದನ್ನು ಅಳೆದೇ ಬೋರ್ ಮಾಡಲಿ. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಜಾಗ ತಲೆಗೂದಲಿಗಿಂತ ಕಮ್ಮಿ. ಅದು ಕಡಿಮೆಯಾದರೆ ಬಿಸಿಗೆ ಜಾಮ್, ಜಾಸ್ತಿಯಾದರೆ ಟಕಟಕ ಸದ್ದು. ತುಮಕೂರು, ಕೋಲಾರದಲ್ಲಿ ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ.

ಹೊಸಬರ ಇಂಜಿನ್ ಹೆಚ್ಚಾಗಿ ಕೆಡುವುದು ತೊಳೆಯುವುದರಲ್ಲಿ. ಹೋನಿಂಗ್ ಆದ ಮೇಲೆ ಕಲ್ಲಿನ ಪುಡಿ ಗೋಡೆಯ ಗೀರುಗಳಲ್ಲಿ ಕೂತಿರುತ್ತೆ. ಡೀಸೆಲ್, ಸೀಮೆಎಣ್ಣೆ ಅದನ್ನು ಪೂರ್ತಿ ತೆಗೆಯುವುದಿಲ್ಲ. ಬಿಸಿನೀರು, ಸೋಪಿನ ಪುಡಿ, ಗಟ್ಟಿ ಬ್ರಷ್ ಹಾಕಿ ಉಜ್ಜಿ. ಒರೆಸಿ, ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಬೋರಿನೊಳಗೆ ಎಳೆಯಿರಿ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ. ಬಟ್ಟೆ ಬೆಳ್ಳಗೇ ಬಂದ ಕೂಡಲೇ ಆಯಿಲ್ ಸವರಿ, ಇಲ್ಲದಿದ್ದರೆ ಅರ್ಧ ಗಂಟೆಯೊಳಗೆ ತುಕ್ಕು.

ಚಿಂತಾಮಣಿಯಿಂದ:
ಜೋಡಿಸುವಾಗ ಎಡವುವ ಜಾಗಗಳು. ಕನೆಕ್ಟಿಂಗ್ ರಾಡಿನ (ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ದಂಡ) ಕ್ಯಾಪ್ ಅದೇ ರಾಡಿಗೆ, ಅದೇ ದಿಕ್ಕಿಗೆ ಕೂರಬೇಕು. ಬಿಚ್ಚುವಾಗಲೇ ಎರಡಕ್ಕೂ ಗುರುತು ಹಾಕಿ. ರಾಡ್ ಬೋಲ್ಟ್‌ಗಳಿಗೆ ರಬ್ಬರ್ ಪೈಪಿನ ತುಂಡು ತೊಡಿಸಿ ಪಿಸ್ಟನ್ ಇಳಿಸಿದರೆ ಕ್ರ್ಯಾಂಕ್‌ಶಾಫ್ಟ್ ಗೀಚುವುದಿಲ್ಲ. ಹೊಸ ರಿಂಗನ್ನು ಬರೀ ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ನೇರವಾಗಿ ಒತ್ತಿ, ತುದಿಗಳ ಸಂದು ಅಳೆಯಿರಿ. ಸುಮಾರು 0.2ರಿಂದ 0.3 ಮಿ.ಮೀ. ಇರಬೇಕು. ಆಯಿಲ್ ರಿಂಗಿನ ಒಳಗಿನ ಸ್ಪ್ರಿಂಗ್ ಪಟ್ಟಿಯ ತುದಿಗಳು ಎದುರುಬದುರು ತಾಗಬೇಕು, ಒಂದರ ಮೇಲೊಂದು ಹತ್ತಿದರೆ ಮತ್ತೆ ಆಯಿಲ್ ಕುಡಿಯುತ್ತೆ.

ಹೆಡ್ ಬೋಲ್ಟಿನ ತೂತುಗಳನ್ನು ಒಣಗಿಸಿ. ತಳದಲ್ಲಿ ಆಯಿಲ್ ನಿಂತಿದ್ದರೆ ಬೋಲ್ಟ್ ಒತ್ತಡಕ್ಕೆ ಬ್ಲಾಕ್ ಸೀಳಬಹುದು. ಬಿಗಿತ ಮಧ್ಯದಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಸರ್ವಿಸ್ ಮ್ಯಾನ್ಯುಯಲ್ಲಿನ ಅಂಕಿಗೆ.

ಗೌರಿಬಿದನೂರಿನಿಂದ:
ನೀರಿನ ಜಾಕೆಟ್ (ಬ್ಲಾಕಿನೊಳಗೆ ನೀರು ಓಡೋ ದಾರಿ) ಮರೆಯಬೇಡಿ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ವರ್ಷಗಟ್ಟಲೆ ಅದನ್ನೇ ರೇಡಿಯೇಟರಿಗೆ ಸುರಿದಿದ್ದರೆ ಬ್ಲಾಕಿನೊಳಗೆ ಸುಣ್ಣದ ಪದರ ಕಟ್ಟಿರುತ್ತೆ, ಬಿಸಿ ಹೊರಗೆ ಹೋಗಲ್ಲ. ಹೊಸ ಪಿಸ್ಟನ್ ಹಾಕಿದರೂ ಹಿಡಿದುಕೊಳ್ಳುತ್ತೆ. ಜಾಕೆಟ್ ತೊಳೆಸಿ, ಆಮೇಲೆ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಮಾತ್ರ. ವಾಟರ್ ಪಂಪ್, ಟೈಮಿಂಗ್ ಬೆಲ್ಟ್ ಈಗಲೇ ಹೊಸದು ಹಾಕಿ.

ಸೆಕೆಂಡ್ ಹ್ಯಾಂಡ್ ಇಂಜಿನ್ ಕೂರಿಸು ಅಂತ ಯಾರಾದರೂ ಹೇಳಿದರೆ ಯೋಚನೆ ಮಾಡಿ. ಇಂಜಿನ್ ನಂಬರ್ ಬದಲಾಗುತ್ತೆ, ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ನಿಮ್ಮದೇ ಬ್ಲಾಕ್ ಆದರೆ ಆ ತಾಪತ್ರಯ ಇಲ್ಲ.

ತುಮಕೂರಿನಿಂದ, ಮತ್ತೆ:
ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ ಇಲ್ಲದೆ, ಪಂಪ್ ಫ್ಯೂಸ್ ತೆಗೆದು, ಹತ್ತತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ, ಆಯಿಲ್ ದೀಪ ಆರುವವರೆಗೆ. ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಬೇಡಿ, ರಿಂಗ್ ಕೂರುವುದಿಲ್ಲ. ಬಾಗೇಪಲ್ಲಿ ಕಡೆ ಹೈವೇಯಲ್ಲಿ ವೇಗ ಏರಿಸುತ್ತಾ ಇಳಿಸುತ್ತಾ ಓಡಿಸಿ. ಮೊದಲ 500 ಕಿ.ಮೀ. ನಂದಿ ಬೆಟ್ಟದ ಏರು ಬೇಡ. 500ಕ್ಕೆ ಆಯಿಲ್ ಬದಲಾಯಿಸಿದಾಗ ಫಿಲ್ಟರ್ ಕತ್ತರಿಸಿ, ಕಾಗದದ ಮಡಿಕೆ ಬಿಡಿಸಿ ನೋಡಿ. ನುಣ್ಣನೆಯ ಬೂದು ಪುಡಿ ಸಹಜ. ಕಣ್ಣಿಗೆ ಕಾಣುವ ಚೂರು, ತಾಮ್ರದ ಬಣ್ಣದ ಹಕ್ಕಳೆ ಸಿಕ್ಕರೆ ಬೇರಿಂಗ್ ಹೋಗುತ್ತಿದೆ. ಗಾಡಿ ಅಲ್ಲೇ ನಿಲ್ಲಿಸಿ, ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ.